ಪೆದ್ದರ ಕಪಾಟಿನ ಹನ್ನೆರಡನೆಯ ಹೆಸರು

ನಮ್ಮ ಕಡೆಯ ಗಂಡಸರು ದೇವರ ವಿಷಯಕ್ಕೆ ಜಗಳವಾಡುವುದಿಲ್ಲ. ಲುಥೆರನ್ ಚರ್ಚಿನವರೂ ಕ್ಯಾಥೊಲಿಕ್ ಚರ್ಚಿನವರೂ ಒಂದೇ ಮೇಜಿನಲ್ಲಿ ಕಾಫಿ ಕುಡಿದು ಎದ್ದು ಹೋಗುತ್ತಾರೆ. ಜಗಳವೇನಿದ್ದರೂ ಟ್ರಕ್ಕಿನದು. ಪೆಟ್ರೋಲೋ ಡೀಸೆಲ್ಲೋ ಎಂಬ ಮಾತೆದ್ದು, ಅಣ್ಣತಮ್ಮಂದಿರು ಹಬ್ಬದ ಟರ್ಕಿ ಕೋಳಿಯನ್ನು ತಟ್ಟೆಯಲ್ಲೇ ಬಿಟ್ಟು ಹೊರಟುಹೋದದ್ದು ನಮ್ಮ ಲಿಂಡಾಲ್ ಊರಿನಲ್ಲೇ ಎರಡು ಸಲ ಆಗಿದೆ. ಆರಿನ್ ಸ್ಕೋಗನ್ ಡೀಸೆಲ್ಲಿನವನು. ನಲವತ್ತು ವರ್ಷ ಡೀಸೆಲ್ ಎಂಜಿನ್ನುಗಳನ್ನೇ ರಿಪೇರಿ ಮಾಡಿ ಬದುಕಿದವನು. ಉತ್ತರ ಡಕೋಟಾದ ಈ ಪಶ್ಚಿಮದ ಅಂಚಿನಲ್ಲಿ ಕೊಯ್ಲಿನ ಹೊತ್ತಿಗೆ ಕೆಟ್ಟು ನಿಂತ ಯಂತ್ರ ಯಾವುದಿದ್ದರೂ ಅವನ ಶೆಡ್ಡಿಗೇ ಬರಬೇಕಿತ್ತು. ಪೆಟ್ರೋಲ್ ಟ್ರಕ್ಕಿನ ಹಿಂದೆ ಕ್ಯಾಂಪರ್ ಎಂಬ ಗಾಲಿಮನೆ ಕಟ್ಟಿಕೊಂಡು ಹೋಗುವವರನ್ನು ಕಂಡರೆ, "ಹೊಲಿಗೆ ಮಿಷಿನ್ನಿಗೆ ಮನೆ ಕಟ್ಕೊಂಡ್ ಹೊರಟವ್ನೆ ನೋಡು" ಅನ್ನುತ್ತಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಆ ಶೆಡ್ಡಿನಲ್ಲಿ ಒಂದು ಕಪಾಟಿತ್ತು. ಡೀಸೆಲ್ ಟ್ರಕ್ಕಿಗೆ ತಪ್ಪಿ ಪೆಟ್ರೋಲ್ ತುಂಬಿಸಿದರೆ ಒಳಗಿನ ಇಂಧನದ ಪಂಪು ತನ್ನನ್ನು ತಾನೇ ಅರೆದುಕೊಂಡು ಸಾಯುತ್ತದೆ. ಹಾಗೆ ಸತ್ತ ಪಂಪುಗಳನ್ನು ಆರಿನ್ ತೊಳೆದು, ಒಂದೊಂದಕ್ಕೂ ಮಾಲೀಕನ ಹೆಸರಿನ ಚೀಟಿ ಕಟ್ಟಿ ಸಾಲಾಗಿ ಇಟ್ಟಿದ್ದ. ಅದಕ್ಕೆ ಪೆದ್ದರ ಕಪಾಟು ಅಂತ ಹೆಸರು. ಒಟ್ಟು ಹನ್ನೊಂದು ಹೆಸರಿದ್ದವು, ಅದರಲ್ಲಿ ಪಾದ್ರಿಯದೂ ಒಂದು.

ಈ ಸೆಪ್ಟೆಂಬರಿನಲ್ಲಿ ಸತ್ತದ್ದು ಆರಿನ್‌ನದೇ ಟ್ರಕ್ಕು. ಡಿಕಿನ್ಸನ್ ಊರಾಚೆಯ ಹೆದ್ದಾರಿಯ ಬಂಕೊಂದರಲ್ಲಿ ಹಸಿರು ಹಿಡಿಯ ಪೈಪು ಪೆಟ್ರೋಲಿನದು. ಲಿಂಡಾಲಿನ ಸಹಕಾರ ಸಂಘದ ಬಂಕಿನಲ್ಲಿ ನಲವತ್ತು ವರ್ಷದಿಂದ ಹಸಿರೆಂದರೆ ಡೀಸೆಲ್. ಆರಿನ್ ಹಸಿರನ್ನೇ ಎತ್ತಿದ. ಯಾರಿಗಾದರೂ ಆಗಬಹುದಾದ ತಪ್ಪು ಅಂದುಬಿಡಬಹುದಿತ್ತು, ಆದರೆ ಹೆಂಡತಿ ಆರ್ಲಿಸ್ ಟ್ರಕ್ಕಿನ ಕಿಟಕಿಯಿಂದ ನೋಡುತ್ತಿದ್ದಳು. ಅವನು ಬಂಕಿನ ಯಂತ್ರದ ಮೇಲಿನ ಅಕ್ಷರಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದ. ಓದಿದ ಮೇಲೆಯೇ ತುಂಬಿಸಿದ. ನಾಲ್ಕು ಮೈಲಿ ಹೋಗುವಷ್ಟರಲ್ಲಿ ಟ್ರಕ್ಕು ಕೆಮ್ಮಿ ನಿಂತಿತು. ಅವನು ಇಳಿದು ಮೂಸಿ ನೋಡಿ, "ಯಾರೋ ಪೈಪು ಅದಲು ಬದಲು ಮಾಡವ್ರೆ" ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆರ್ಲಿಸ್ ಎಳೆಯುವ ಗಾಡಿಗೆ ಫೋನು ಮಾಡಿದಳು.

ಇಂಥ ಮಾತಿಗೆ ಎದುರಾಡದಿರುವುದು ಅವಳಿಗೆ ರೂಢಿಯಾಗಿತ್ತು. ಮಾರ್ಚಿನಲ್ಲಿ ಬಿಸ್ಮಾರ್ಕಿನ ಡಾಕ್ಟರಮ್ಮ ಆರಿನ್‌ಗೆ ಐದು ಪದ ಹೇಳಿ, ಹತ್ತು ನಿಮಿಷ ಬಿಟ್ಟು ಕೇಳಿದ್ದಳು. ಒಂದೇ ಒಂದು ಅವನ ನೆನಪಿನಲ್ಲಿ ಉಳಿದಿತ್ತು. ಅವಳು ಕಾಯಿಲೆಯ ಹೆಸರನ್ನು ಮೆತ್ತಗೆ ಹೇಳಿದಳು. ಆರಿನ್ ಟೋಪಿ ಎತ್ತಿಕೊಂಡು, "ಒಂದಕ್ಕೊಂದು ಸಂಬಂಧ ಇಲ್ದಿರೋ ಐದು ಸಾಮಾನು ಯಾವ ಅಂಗಡೀಲೂ ಕೇಳಲ್ಲ ಕಣಮ್ಮ" ಅಂದು ಹೊರಗೆ ನಡೆದ. ಆಮೇಲೆ ಆ ಹೆಸರು ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಆರ್ಲಿಸ್ ಎರಡು ಸಲ ಮಾತು ತೆಗೆಯಲು ನೋಡಿದಳು. ಎರಡು ಸಲವೂ ಅವನು ಶೆಡ್ಡಿಗೆ ಹೋಗಿ ಕೂತ.

ಆಗಸ್ಟಿನಲ್ಲಿ ಇನ್ನೊಂದು ನಡೆದಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕ್ಯಾಂಪರ್ ಕಟ್ಟಿಕೊಂಡು ಮೆಡೋರಾದ ಕಡೆ ಇಳಿಜಾರು ಇಳಿಯುತ್ತಿದ್ದರು. ಹಿಂದೆ ಹನ್ನೆರಡು ಸಾವಿರ ಪೌಂಡು ತೂಕ, ಗಂಟೆಗೆ ಅರವತ್ತು ಮೈಲಿ ವೇಗ. ಆರಿನ್ ಸಮಾಧಾನದ ದನಿಯಲ್ಲೇ ಕೇಳಿದ:

"ಇದ್ರಲ್ಲಿ ಬ್ರೇಕ್ ಯಾವ್ದು?"

"ದೊಡ್ಡದು," ಅಂದಳು ಅವಳು. ಕಾಲಡಿಯ ಎರಡು ಪೆಡಲುಗಳಲ್ಲಿ ಅಗಲವಾದದ್ದನ್ನು ತೋರಿಸಿ ಹೇಗೆ ಅಂದಳೋ ಅವಳಿಗೇ ಗೊತ್ತಿಲ್ಲ. ಕೆಳಗೆ ಬಂದು ನಿಂತ ಮೇಲೆ ಅವನು, "ತಮಾಷೆಗೆ ಕೇಳ್ದೆ" ಅಂದ. ಅವನ ಅಂಗಿಯ ಬೆನ್ನು ಒದ್ದೆಯಾಗಿತ್ತು.

ಈಗ ಮನೆ ಮಾರಿಯಾಗಿತ್ತು. ನವೆಂಬರ್ ಒಂದಕ್ಕೆ ಬೀಗದ ಕೈ ಕೊಡಬೇಕು. ಅರಿಜೋನಾದ ಯೂಮಾದಲ್ಲಿ ಅವಳ ತಂಗಿ ಡಿಲೋರಿಸ್ ಇದ್ದಾಳೆ. ಅವಳ ಹಿತ್ತಲಲ್ಲಿ ಕ್ಯಾಂಪರ್ ನಿಲ್ಲಿಸಿಕೊಂಡು ಅದರಲ್ಲೇ ಬಾಳುವುದು, ಇಬ್ಬರು ಹೆಂಗಸರು ಸೇರಿ ಅವನನ್ನು ನೋಡಿಕೊಳ್ಳುವುದು. ಆರ್ಲಿಸ್ ಒಬ್ಬಳ ಕೈಲಿ ಆಗುವ ಕೆಲಸವಲ್ಲ ಅದು, ಇನ್ನು ಎರಡು ವರ್ಷ ಕಳೆದರಂತೂ ಆಗುವುದೇ ಇಲ್ಲ. ಆದರೆ ಅಲ್ಲಿಗೆ ಮುಟ್ಟಲು ವಯೋಮಿಂಗ್, ಯೂಟಾ ಬೆಟ್ಟಗಳನ್ನು ಹಿಮ ಬೀಳುವ ಮೊದಲು ದಾಟಬೇಕು. ಓಡಿಸುವವನು ನಾನೇ ಅಂತ ಆರಿನ್ ಕೂತಿದ್ದ. ಟ್ರಕ್ಕಿನ ಕೀಲಿ ಕಿತ್ತುಕೊಂಡರೆ ಅವನು ಹೊರಡುವುದೇ ಇಲ್ಲ. ಕೊಟ್ಟರೆ ಯಾವುದೋ ಇಳಿಜಾರಿನಲ್ಲಿ ಮತ್ತೆ ಆ ಪ್ರಶ್ನೆ ಕೇಳುತ್ತಾನೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ತನಗೆ ಏನಾಗಿದೆ ಅಂತ ಅವನು ತಾನಾಗಿ ಒಪ್ಪಿ ಕೀಲಿಯನ್ನು ಅವಳ ಕೈಗೆ ಕೊಡಬೇಕು, ಅಷ್ಟೇ ಅವಳಿಗೆ ಬೇಕಾದದ್ದು. ಪ್ರತಿ ಭಾನುವಾರ ಚರ್ಚಿನಲ್ಲಿ ಮೊಣಕಾಲೂರಿ ಅದೊಂದನ್ನೇ ಬೇಡುತ್ತಿದ್ದಳು.

ಅಕ್ಟೋಬರಿನ ಎರಡನೆಯ ಶನಿವಾರ ಬೆಳಿಗ್ಗೆ ಇಬ್ಬರೂ ಟ್ರಕ್ಕು ಮಾರುವ ಡ್ವೇನ್ ಕೆಸ್ಲರ್‌ನ ಅಂಗಳದಲ್ಲಿ ನಿಂತಿದ್ದರು. ಸತ್ತ ಟ್ರಕ್ಕನ್ನು ಬದುಕಿಸುವುದಕ್ಕಿಂತ ಹಳೆಯದೊಂದನ್ನು ಕೊಳ್ಳುವುದೇ ಅಗ್ಗವಿತ್ತು. ಗಾಳಿ ಕಿವಿ ಕೊರೆಯುತ್ತಿತ್ತು. ಕ್ಯಾಂಪರ್ ಎಳೆಯಬಲ್ಲ ಹಳೆಯ ಟ್ರಕ್ಕುಗಳು ಎರಡಿದ್ದವು. ಕೆಂಪನೆಯದು ಡೀಸೆಲ್, ಬಿಳಿಯದು ಪೆಟ್ರೋಲ್.

"ನಮ್ಮ ದೊಡ್ಡಪ್ಪನ ಪಂಪು ಇನ್ನೂ ಕಪಾಟಲ್ಲಿದ್ಯಾ ಮಾವ?" ಅಂತ ಡ್ವೇನ್ ಕಾಫಿ ತಂದುಕೊಟ್ಟ.

"ನಾಲ್ಕನೇದು. ಧೂಳು ಒರೆಸ್ತಾ ಇರ್ತೀನಿ," ಅಂದ ಆರಿನ್.

"ಹಂಗಾದ್ರೆ ಬಿಳೀದರ ಬಾನೆಟ್ ಎತ್ತೋದೇ ಬೇಡ ಅನ್ನಿ. ಕೆಂಪುದಕ್ಕೆ ಕಾಗದ ತೆಗೀತೀನಿ."

"ತಡಿ ಮಾರಾಯ. ಹುಡುಗಿ ನೋಡೋಕ್ ಬಂದವ್ನಿಗೆ ಕಾಫಿ ಕುಡಿಯೋಕಾದ್ರೂ ಬಿಡು."

ಅವನು ಚೆನ್ನಾಗಿದ್ದ ದಿನ ಅದು. ಅಂಥ ದಿನಗಳೇ ಆರ್ಲಿಸ್‌ಗೆ ಹೆಚ್ಚು ಹಿಂಸೆ. ಕೆಂಪು ಟ್ರಕ್ಕಿನ ಎಂಜಿನ್ ಶುರು ಮಾಡಿಸಿ ಕಣ್ಣು ಮುಚ್ಚಿ ಕೇಳಿದ. ಕೆಳಗೆ ಮಲಗಿ ನೋಡಿದ. ಏರಿನಲ್ಲಿ ಇದು ಎತ್ತಿನ ಹಾಗೆ ಎಳೆಯುತ್ತೆ, ಇಳಿಜಾರಿನಲ್ಲಿ ಎಂಜಿನ್ನೇ ತಡೆದು ಹಿಡಿಯುತ್ತೆ, ಬ್ರೇಕಿಗೆ ಅರ್ಧ ಕೆಲಸ ಉಳಿಯುತ್ತೆ ಅಂತ ಡ್ವೇನ್‌ಗೇ ಪಾಠ ಹೇಳಿದ. ಹೇಳಿದ್ದೆಲ್ಲ ಸರಿಯಾಗಿತ್ತು. ಇಷ್ಟು ತಿಳಿದವನ ಕೈಯಿಂದ ಕೀಲಿ ಕೇಳುವುದು ಹೇಗೆ ಅಂತ ಆರ್ಲಿಸ್‌ಗೆ ಅಳು ಬಂತು. ತಾನು ಸೋತೆ ಅನ್ನಿಸಿತು. ಸತ್ತು ಹೋಗುವುದಾದರೆ ಇಬ್ಬರೂ ಒಟ್ಟಿಗೆ ಹೋಗಿಬಿಡೋಣ ಅನ್ನುವಲ್ಲಿಯವರೆಗೂ ಅವಳ ಮನಸ್ಸು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

"ಕೆಂಪುದನ್ನೇ ತಗೋ," ಅಂದಳು. "ನಿಂಗೆ ಗೊತ್ತಿರುತ್ತಲ್ಲ."

ಆರಿನ್ ಕಾಫಿ ಲೋಟ ಕೆಳಗಿಟ್ಟ. ಕೆಂಪು ಟ್ರಕ್ಕಿನ ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆದು, ಅದರ ಬಾಯಿಗೆ ಎರಡು ಬೆರಳು ಹಾಕಿ ನೋಡಿದ. ಬಿಳಿಯದರ ಹತ್ತಿರ ಹೋಗಿ ಅದರ ಮುಚ್ಚಳವನ್ನೂ ತೆಗೆದು ಬೆರಳು ಹಾಕಿದ. ಅಲ್ಲೇ ನಿಂತ. ಕಾಫಿ ಆರಿಹೋಗುವಷ್ಟು ಹೊತ್ತು ನಿಂತ.

"ಬಿಳೀದು," ಅಂದ.

ಡ್ವೇನ್ ನಕ್ಕ. "ಅದು ಪೆಟ್ರೋಲು ಮಾವ."

"ಅದು ಏನು ಅಂತ ನಂಗೊತ್ತು. ಇವತ್ತು ಗೊತ್ತು."

"ನಿಮ್ಮ ಕ್ಯಾಂಪರ್ ಕಟ್ಟಿದ್ರೆ ಯೂಟಾದ ಏರಲ್ಲಿ ತೆವಳುತ್ತೆ ಇದು."

"ತೆವಳ್ಲಿ. ಹಿಂದಿನೋರು ಹಾರನ್ ಹೊಡ್ಕೊಳ್ಲಿ." ಆಮೇಲೆ ಹೆಂಡತಿಯನ್ನು ಕರೆದ. "ಆರ್ಲಿಸ್, ಬಾ ಇಲ್ಲಿ. ಬೆರಳು ಹಾಕಿ ನೋಡು."

ಅವಳು ಕೈಗವಸು ಕಳಚಿ ಬೆರಳು ಹಾಕಿದಳು. ಕೆಂಪುದರ ಬಾಯಿ ಅಗಲ, ಬಿಳಿಯದರ ಬಾಯಿ ಇಕ್ಕಟ್ಟು.

"ಡೀಸೆಲ್ ಪೈಪಿನ ಮೂತಿ ದಪ್ಪ, ಬಿಳೀದರೊಳಗೆ ತೂರಲ್ಲ," ಅಂದ ಆರಿನ್. "ಪೆಟ್ರೋಲಿನ ಮೂತಿ ಸಣ್ಣ. ಕೆಂಪುದರೊಳಗೆ ಸಲೀಸಾಗಿ ಹೋಗುತ್ತೆ. ಸೆಪ್ಟೆಂಬರಲ್ಲಿ ಹೋಯ್ತಲ್ಲ, ಹಂಗೆ." ಅವನು ಮುಚ್ಚಳ ತಿರುಗಿಸುತ್ತ, ಅವಳ ಮುಖ ನೋಡದೆ ಹೇಳಿದ, "ಯಾರೂ ಪೈಪು ಬದಲಾಯಿಸಿರ್ಲಿಲ್ಲ ಕಣೆ. ಹನ್ನೆರಡನೇ ಪಂಪು ನಂದು."

"ತುಂಬ್ಸೋ ಕೆಲಸ ನಾನೇ ಮಾಡ್ತೀನಿ ಬಿಡೋ," ಅಂದಳು ಆರ್ಲಿಸ್.

"ನೀನು ಕಾಫಿ ತರೋಕ್ ಹೋಗಿರ್ತೀಯ. ಇಲ್ಲಾಂದ್ರೆ ಕಣ್ಣು ಹತ್ತಿರುತ್ತೆ. ಆಗ ಇಳಿದು ತುಂಬ್ಸೋನು ನಾನು. ಯಾವ ಬಂಕು, ಯಾವ ಬಣ್ಣ ಅಂತ ನಂಗೆ ತಿಳಿಯಲ್ಲ. ಈ ಟ್ರಕ್ಕಾದ್ರೆ ದಪ್ಪದು ಎತ್ತಿದ್ರೆ ತೂರಲ್ಲ, ಸಣ್ಣದು ಎತ್ತಿದ್ರೆ ಅದೇ ಸರಿ. ಎಂಥ ಪೆದ್ದನ ಕೈಲೂ ಕೆಡಲ್ಲ."

ಡ್ವೇನ್ ದೂರ ಸರಿದು ಟೈರು ನೋಡುವವನಂತೆ ನಿಂತ. ಕಾಗದಪತ್ರ ಮುಗಿದ ಮೇಲೆ ರೂಢಿಯಂತೆ ಗಂಡಸಿನ ಕೈಗೇ ಕೀಲಿ ಕೊಟ್ಟ. ಆರಿನ್ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಟ್ರಕ್ಕಿನವರೆಗೆ ನಡೆದ. ಓಡಿಸುವವರ ಕಡೆ ಬಿಟ್ಟು, ಪಕ್ಕದಲ್ಲಿ ಕೂರುವವರ ಬಾಗಿಲ ಹತ್ತಿರ ಹೋಗಿ ನಿಂತ. ಕೈ ಚಾಚಿದ, ಆದರೆ ಮುಷ್ಟಿ ಬಿಚ್ಚಲಿಲ್ಲ. ಆರ್ಲಿಸ್ ಕಾದಳು. ಕೊನೆಗೆ ಒಂದೊಂದೇ ಬೆರಳು ಬಿಚ್ಚಿತು.

"ಬ್ರೇಕ್ ದೊಡ್ಡದು," ಅಂದ.

ಏಳು ತಿಂಗಳು ಬೇಡಿದ್ದು ಕೈಗೆ ಬಂದಿತ್ತು. ನೆಮ್ಮದಿಯಾಗುತ್ತದೆ ಅಂದುಕೊಂಡಿದ್ದಳು ಹುಚ್ಚಿ. ಇಷ್ಟು ದಿನ ಭಯವನ್ನು ಅವಳೊಬ್ಬಳೇ ಹೊತ್ತಿದ್ದಳು, ಅವನಾದರೂ ಹಾಯಾಗಿದ್ದಾನೆ ಅನ್ನುವುದೊಂದಿತ್ತು. ಈಗ ಅದೂ ಹೋಯಿತು. ಎಲ್ಲ ಗೊತ್ತಿದ್ದೇ ಅವನು ಶೆಡ್ಡಿನಲ್ಲಿ ಕೂರುತ್ತಿದ್ದ. ಕೀಲಿಯನ್ನು ವಾಪಸು ಅವನ ಜೇಬಿಗೆ ತುರುಕಿಬಿಡಬೇಕು ಅನ್ನಿಸಿತು ಅವಳಿಗೆ. ಸೀಟು ಮುಂದಕ್ಕೆ ಎಳೆದುಕೊಂಡು ಗಾಡಿ ಶುರು ಮಾಡಿದಳು.

ಎರಡು ವಾರ ಅವನು ಅವಳಿಗೆ ಜಾತ್ರೆ ಬಯಲಿನಲ್ಲಿ ಕ್ಯಾಂಪರ್ ಎಳೆಯುವುದನ್ನೂ ಹಿಂದಕ್ಕೆ ತಳ್ಳುವುದನ್ನೂ ಕಲಿಸಿದ. "ಸ್ಟೇರಿಂಗ್ ಚಕ್ರದ ಕೆಳಗಡೆ ಹಿಡ್ಕೋ. ಹಿಂದಿನದು ಯಾವ ಕಡೆ ಹೋಗ್ಬೇಕೋ ಕೈ ಆ ಕಡೆ ಆಡ್ಸು. ಆ ಕಡೆ ಅಂದೆ, ಅಡ್ಡಕಸುಬಿ." ಕೆಲವು ದಿನ ಒಂದೇ ಮಾತನ್ನು ಐದು ಸಲ ಹೇಳಿದ. ಅವಳು ಐದು ಸಲವೂ ಹೊಸದಾಗಿ ಕೇಳಿಸಿಕೊಂಡಳು. ಶೆಡ್ಡು ಖಾಲಿ ಮಾಡುವ ದಿನ ಕಪಾಟಿನಲ್ಲಿ ನೋಡಿದರೆ ಹನ್ನೆರಡನೆಯ ಪಂಪು ಇತ್ತು. ಚೀಟಿಯ ಮೇಲೆ ಆರಿನ್ ಅಂತ ಅವನದೇ ಅಕ್ಷರ. ಬಾಕಿ ಹನ್ನೊಂದನ್ನು ಗುಜರಿಯವನು ಒಯ್ದ. ಅದೊಂದನ್ನು ಆರ್ಲಿಸ್ ಕಾಲುಚೀಲದಲ್ಲಿ ಸುತ್ತಿ ಕ್ಯಾಂಪರಿನ ಪೆಟ್ಟಿಗೆಯಲ್ಲಿಟ್ಟಳು.

ಅಕ್ಟೋಬರ್ ಇಪ್ಪತ್ತೇಳಕ್ಕೆ ಹೊರಟರು. ಬಿಳಿ ಟ್ರಕ್ಕು ಏರಿನಲ್ಲಿ ಹೇಳಿದಂತೆಯೇ ತೆವಳಿತು. ಹಿಂದಿನವರು ಹಾರನ್ ಹೊಡೆದರು. ಮೊದಲ ದಿನ ಆರಿನ್ ಪ್ರತಿ ಇಳಿಜಾರಿಗೂ ಮೊದಲೇ, "ಗೇರ್ ಇಳಿಸು" ಅಂತ ಎಚ್ಚರಿಸಿದ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಸುಮ್ಮನಾದ. ಇದು ಯಾರ ಊರು ಅಂತ ಒಮ್ಮೆ ಕೇಳಿದ.

ವಯೋಮಿಂಗಿನ ರಾಲಿನ್ಸ್ ಹತ್ತಿರದ ಬಂಕಿನಲ್ಲಿ ಆರ್ಲಿಸ್ ಗಾಡಿ ನಿಲ್ಲಿಸಿ ಕಾಫಿ ತರಲು ಒಳಗೆ ಹೋದಳು. ಅವನು ನಿದ್ದೆ ಮಾಡುತ್ತಿದ್ದ. ಎರಡು ಲೋಟ ಹಿಡಿದು ಹೊರಗೆ ಬಂದರೆ ಅವನು ಟ್ಯಾಂಕಿನ ಪಕ್ಕ ನಿಂತಿದ್ದ. ಕೈಯಲ್ಲಿ ಡೀಸೆಲ್ ಪೈಪು. ಅದರ ದಪ್ಪ ಮೂತಿಯನ್ನು ಇಕ್ಕಟ್ಟಿನ ಬಾಯಿಗೆ ಒತ್ತುತ್ತಿದ್ದ, ತಿರುಗಿಸಿ ಒತ್ತುತ್ತಿದ್ದ, ಹೋಗುತ್ತಿರಲಿಲ್ಲ. ಬೆರಳ ಗೆಣ್ಣು ತರಚಿ ರಕ್ತ ಬಂದಿತ್ತು. ಬೂಟಿನ ಮೇಲೆಲ್ಲ ಡೀಸೆಲ್ ಸುರಿದಿತ್ತು. ಅವಳನ್ನು ನೋಡಿ ಒತ್ತುವುದನ್ನು ನಿಲ್ಲಿಸಿದ.

"ಪೆಟ್ರೋಲ್ ಟ್ರಕ್ ತಂದವ್ರೆ," ಅಂದ. "ಇಷ್ಟು ದೊಡ್ಡ ಕ್ಯಾಂಪರ್ಗೆ ಪೆಟ್ರೋಲು. ಯಾವ ಪೆದ್ದ ಆರಿಸಿದ್ದು ಇದನ್ನ? ನಲವತ್ತು ವರ್ಷ ಇದೇ ಕೆಲಸ ಮಾಡಿದೀನಿ. ನನ್ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?"

ಆರ್ಲಿಸ್ ಲೋಟಗಳನ್ನು ಬಾನೆಟ್ಟಿನ ಮೇಲಿಟ್ಟಳು. ಅವನ ಕೈಯಿಂದ ಪೈಪು ಬಿಡಿಸಿ ಅದರ ಜಾಗಕ್ಕೆ ತೂಗುಹಾಕಿದಳು. ಕುತ್ತಿಗೆಯ ವಸ್ತ್ರ ಬಿಚ್ಚಿ ಅವನ ಬೆರಳು ಒರೆಸಿದಳು.

"ಕೇಳಿದ್ವಿ ಕಣೋ," ಅಂದಳು. "ನಿನ್ನನ್ನೇ ಕೇಳಿದ್ವಿ."

ಅವನು ನಂಬಲಿಲ್ಲ. ಅವಳು ಸಣ್ಣ ಮೂತಿಯ ಪೈಪು ಎತ್ತಿಕೊಂಡು ಟ್ಯಾಂಕು ತುಂಬಿಸತೊಡಗಿದಳು.