ಊರು ನೋಡದ ಕೊನೆಯ ಕಂತು

ಬಜರಿನ ಬಾಯಿಗೆ ತುರುಕಿದ್ದ ಬಟ್ಟೆಯನ್ನು ತೆಗೆದೆನೋ, ಇಲ್ಲವೋ? ತೆಗೆದಿದ್ದರೆ ಅದು ಎಲ್ಲಿ? ಗುಡ್ಡದ ಮೇಲಿನ ಟಿವಿ ಮರುಪ್ರಸಾರ ಕೇಂದ್ರದ ಆಪರೇಟರನಿಗೆ ಮೂರು ದಿನಗಳಿಂದ ಇದೇ ಯೋಚನೆ. ತನಿಖೆಗೆ ಬಂದ ಸಾಹೇಬರು ಈಗ ಅವನ ಮನೆಯಲ್ಲೇ ಊಟಕ್ಕೆ ಕೂತಿದ್ದರು. ತಪ್ಪು ಸಾಬೀತಾದರೆ ವರ್ಗಾವಣೆ. ಹೆಂಡತಿಯ ಊರಿಗೆ ಬರಲು ಅವನು ಆರು ವರ್ಷ ಅರ್ಜಿ ಹಾಕಿದ್ದ.

ಮೂರು ದಿನದ ಹಿಂದೆ, ನಾಲ್ಕು ವರ್ಷ ನಡೆದ ಧಾರಾವಾಹಿಯ ಕೊನೆಯ ಕಂತು ಇತ್ತು. ಮನೆ ಬಿಟ್ಟು ಹೋದ ಹಿರಿಸೊಸೆ ಮರಳುತ್ತಾಳೋ ಇಲ್ಲವೋ ಎಂದು ಊರೆಲ್ಲ ಕಾದಿತ್ತು. ಕೇಂದ್ರದ ಪ್ರಸಾರ ಯಂತ್ರ ಬಿಸಿಯಾದರೆ ಬಜರ್ ಕಿರುಚುತ್ತದೆ. ಎದ್ದು ಎರಡನೇ ಫ್ಯಾನ್ ಹಾಕಬೇಕು. ಆ ಕಿರುಚಾಟದಲ್ಲಿ ಮಾತು ಕೇಳಿಸದೆಂದು ಅವನು ಊಟದ ಡಬ್ಬಿಯ ಬಟ್ಟೆಯನ್ನು ಅದರ ಬಾಯಿಗೆ ತುರುಕಿದ್ದ. ಯಂತ್ರ ಸದ್ದಿಲ್ಲದೆ ಬಿಸಿಯಾಗಿ ನಿಂತೇಹೋಯಿತು. ಊರಿನ ಟಿವಿಗಳಿಗೆಲ್ಲ ಇರುವೆ ಮುತ್ತಿದಂತಾಯಿತು. ಡಿಶ್‌ನಿಂದ ನೇರವಾಗಿ ಚಿತ್ರ ಬರುವ ಕೇಂದ್ರದ ಮಾನಿಟರ್ ಮಾತ್ರ ನಡೆದೇ ಇತ್ತು. ಕೊನೆ ನೋಡಿದವನು ಅವನೊಬ್ಬನೇ.

ಹೇಳುವಂತಿರಲಿಲ್ಲ. ಹೇಳಿದರೆ, ಯಂತ್ರ ಕೆಟ್ಟಾಗ ಮಾನಿಟರ್ ಮುಂದೆ ಕೂತಿದ್ದೆನೆಂದು ಒಪ್ಪಿಕೊಂಡಂತೆ. ಬೆಳಿಗ್ಗೆ ಕ್ಷೌರಿಕ ಅರ್ಧ ಗಡ್ಡ ಹೆರೆದು, ಕತ್ತಿ ಹಿಡಿದೇ ಕೇಳಿದ್ದ: "ಬಂದ್ಲಾ ಇಲ್ವಾ, ಅಷ್ಟು ಹೇಳಿ ಅಣ್ಣ." ಅವನು ಎದ್ದು ಬಂದಿದ್ದ. ಉಳಿದ ಅರ್ಧ ಗಡ್ಡ ಈಗ ಸಾಹೇಬರ ಎದುರಿಗಿತ್ತು.

"ಆವತ್ತು ಗುಡ್ಡ ಇಳಿದು ಬಂದಾಗ ನಿಮ್ಮ ಕಣ್ಣು ಕೆಂಪಗಿತ್ತಂತಲ್ರೀ," ಎಂದರು ಸಾಹೇಬರು. "ನಿದ್ದೆ ಹೊಡೀತಿದ್ರಾ?"

ಅವನು ಬಾಯಿ ತೆರೆಯುವಷ್ಟರಲ್ಲಿ, ಬಡಿಸುತ್ತಿದ್ದ ಅತ್ತೆ ನಡುವೆ ಬಂದರು. "ನಿದ್ದೆ ಎಲ್ಲಿಂದ ಬಂತು ಸ್ವಾಮಿ? ಯಂತ್ರದೊಳಗೆ ತಲೆ ತೂರಿಸಿ ಹೊಗೆ ಕುಡ್ಕೊಂಡು ಬಂದ್ರು. ಕಣ್ಣಿಗೆ ತಣ್ಣೀರು ಬಟ್ಟೆ ಹಾಕಿದ್ದು ನಾನೇ. ನಮ್ಮ ಅಳಿಯಂದಿರಿಗೆ ಹೇಳ್ಕೊಳ್ಳೋಕೂ ಬರಲ್ಲ, ಪಾಪ. ಇನ್ನೊಂಚೂರು ಬಡಿಸ್ಲಾ?"

ಸಾಹೇಬರು ಎಡಗೈಯಲ್ಲೇ 'ಹೊಗೆ' ಎಂದು ಬರೆದುಕೊಂಡು ಕೈ ತೊಳೆಯಲು ಹಿತ್ತಲಿಗೆ ಹೋದರು.

ಅತ್ತೆ ಸೊಂಟದಿಂದ ಮಡಿಸಿದ ಬಟ್ಟೆಯೊಂದನ್ನು ತೆಗೆದು ಅವನ ತೊಡೆಯ ಮೇಲೆ ಹಾಕಿದರು. ಡಬ್ಬಿಯ ಬಟ್ಟೆ. ಒಗೆದು ಒಣಗಿಸಿದ್ದರು.

"ಡಬ್ಬಿಯೊಳಗೇ ಇತ್ತು. ಹಿಂಡಿದ್ರೆ ನೀರು ಬರೋ ಅಷ್ಟು ಒದ್ದೆ. ಹೊಗೆ ವಾಸನೆ ಮಾತ್ರ ಇರ್ಲಿಲ್ಲ."

ಅದರಲ್ಲೇ ಕಣ್ಣೊರೆಸಿಕೊಂಡದ್ದು ಅವನಿಗೆ ಆಗ ನೆನಪಾಯಿತು.

"ನಾಲ್ಕು ವರ್ಷ ನೋಡಿದ್ದೀನಿ ಅಳಿಯಂದಿರೇ," ಅತ್ತೆ ದನಿ ತಗ್ಗಿಸಿದರು. "ಬಾಯಿ ಬಿಡೋದು ಬೇಡ. ಹಿರಿಸೊಸೆ ಬಂದಿದ್ರೆ ತಟ್ಟೆ ಮುಂದಕ್ಕೆ ತಳ್ಳಿ. ಬರದಿದ್ರೆ ಎದ್ದು ಕೈ ತೊಳ್ಕೊಳ್ಳಿ."

ಉಂಡು ಹೊಟ್ಟೆ ಬಿರಿಯುವಂತಿತ್ತು. ಆದರೂ ಅವನು ತಟ್ಟೆಯನ್ನು ಮುಂದಕ್ಕೆ ತಳ್ಳಿದ. ಅತ್ತೆ ಎರಡು ಸೌಟು ಬಡಿಸಿದರು. ತಡೆಯಲಾರದೆ ಮೂರನೆಯದನ್ನೂ ಸುರಿದರು.

ಮರಳಿ ಬಂದ ಸಾಹೇಬರು ನಿಂತು ನೋಡಿದರು. "ಏನಮ್ಮ, ನಿಮ್ಮ ಕಣ್ಣಿಗೂ ಹೊಗೆನಾ?"

"ಇದು ಒಲೇದು ಸ್ವಾಮಿ," ಎಂದರು ಅತ್ತೆ.

ವರ್ಗಾವಣೆ ಬರಲಿಲ್ಲ. ಹಿರಿಸೊಸೆ ಬಂದಳೋ ಇಲ್ಲವೋ ಎಂದು ಕ್ಷೌರಿಕನ ಅಂಗಡಿಯಲ್ಲಿ ಇಂದಿಗೂ ಜಗಳ ನಡೆಯುತ್ತದೆ. ಅವಳು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟಾಗ ತನಗೆ ಅಳು ಬಂದಿತ್ತೆಂದು ಅವನು ಯಾರಿಗೂ, ಹೆಂಡತಿಗೂ, ಹೇಳಲಿಲ್ಲ.