ನಿದ್ದೆಗಣ್ಣಿನ ಹೂಂ

ಖಾಲಿ ಫೈಲು ಎಂದರೆ ಪರೀಕ್ಷೆ ಬರೆದಿಲ್ಲ ಎಂದೇ ಲೆಕ್ಕ ಅಂತ ಪ್ರಭುದೇವ್ ಸರ್ ಹೇಳಿದ ಮೇಲೂ ಮಂಜಮ್ಮ ಕುರ್ಚಿಯಿಂದ ಏಳಲಿಲ್ಲ.

“ಬರ್ದಿದೀನಿ,” ಅಂದರು. “ಸೇವ್ ಒತ್ತಿದೀನಿ. ಸೇವ್ ಆಯ್ತು ಅಂತ ಅದೇ ಯೋಳ್ತು. ಆಮ್ಯಾಕೆ ತಾನೆ ಕರೆಂಟ್ ಹೋಗಿದ್ದು?”

“ಉಳಿದವರ ಫೈಲೆಲ್ಲ ಸರಿಯಾಗಿದೆಯಲ್ಲ.”

“ಅವ್ರು ಬಿರ್‍ರನೆ ಮುಗ್ಸಿ ಎದ್ದೋದ್ರು. ನಾನು ಕೊನೇಗಂಟ ತಿದ್ದಿದೆ.”

“ಅದೇ ನಿಮ್ಮ ತಪ್ಪು. ಅಷ್ಟು ತಿದ್ದೋದೇನಿತ್ತು?”

ಮಧುಗಿರಿ ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರವಿದೆ. ಪ್ರಭುದೇವ್ ಅದರ ಮಾಲೀಕರು. ನಮ್ಮಪ್ಪನ ದಾಯಾದಿಯಾದ್ದರಿಂದ ಮನೆಯಲ್ಲಿ ನನಗೆ ಚಿಕ್ಕಪ್ಪ, ಇಲ್ಲಿ ಸರ್. ನಾನು ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಮುಗಿಸಿ ಇಲ್ಲೇ ಸಹಾಯಕಿಯಾಗಿದ್ದೇನೆ. ಮಂಜಮ್ಮ ತೋವಿನಕೆರೆ ಕಡೆಯ ಹಳ್ಳಿಯೊಂದರಲ್ಲಿ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವರು. ಈ ಪರೀಕ್ಷೆ ಪಾಸಾದರೆ ಕೆಲಸ ಅವರ ಕೈಯಲ್ಲೇ ಉಳಿಯುತ್ತದೆ, ಇಲ್ಲವಾದರೆ ಬೇರೆಯವರಿಗೆ ಹೋಗುತ್ತದೆ. ಇದು ಅವರ ಕೊನೆಯ ಅವಕಾಶ.

ನಾನು ಸುಮ್ಮನಿರಬಹುದಿತ್ತು. ನನಗೆ ಗೊತ್ತಿರುವುದು ಪೂರ್ತಿ ಸರಿಯೇ ಎಂಬ ಧೈರ್ಯವೂ ಇರಲಿಲ್ಲ. ಆದರೂ ಬಾಯಿ ತೆರೆದೆ.

“ಸರ್, ಅವರು ಸೇವ್ ಮಾಡಿರೋದು ನಿಜ ಇರಬಹುದು. ಮಿಷನ್ ಸುಳ್ಳು ಹೇಳಿರಬಹುದು.”

ನಮ್ಮ ಮೇಜುಗಳ ಮೇಲಿರುವುದು ಬರೀ ಪರದೆ ಮತ್ತು ಕೀಬೋರ್ಡು. ನಿಜವಾದ ಕಂಪ್ಯೂಟರ್ ಒಂದೇ, ಅದು ಮೂಲೆಯ ಬೀರುವಿನಲ್ಲಿದೆ. ಅದರೊಳಗೆ ಒಬ್ಬೊಬ್ಬರಿಗೆ ಒಂದೊಂದು ಎಂಬಂತೆ ತೋರಿಕೆಯ ಚಿಕ್ಕ ಕಂಪ್ಯೂಟರುಗಳು, ಅಂದರೆ ವರ್ಚುವಲ್ ಮಿಷನ್‌ಗಳು ಓಡುತ್ತವೆ. ಇವುಗಳ ಫೈಲುಗಳೆಲ್ಲ ಹೋಗಿ ಸೇರುವುದು ದೊಡ್ಡ ಮಿಷನ್ನಿನ ಒಂದು ಹಂಚಿಕೆಯ ಫೋಲ್ಡರಿಗೆ. ಸೇವ್ ಒತ್ತಿದಾಗ ಚಿಕ್ಕದು ದೊಡ್ಡದಕ್ಕೆ ‘ಇದನ್ನು ಡಿಸ್ಕಿಗೆ ಇಳಿಸು’ ಎನ್ನಬೇಕು. ಇಳಿದ ಮೇಲಷ್ಟೇ ‘ಆಯ್ತು’ ಎಂದು ನಮಗೆ ಹೇಳಬೇಕು. ಹಾಗೆ ಕಾದರೆ ಪರದೆಗಳೆಲ್ಲ ತೆವಳುತ್ತವೆ ಎಂದು ಸರ್ ಆ ಸೆಟ್ಟಿಂಗನ್ನು ರಿಪೇರಿಯವನಿಂದ ತೆಗೆಸಿದ್ದರು. ಅಂದಿನಿಂದ ಅದು ಕಾಯದೆಯೇ ‘ಆಯ್ತು’ ಅನ್ನುತ್ತದೆ. ಬರಹ ಇನ್ನೂ ಮೆಮೊರಿಯಲ್ಲೇ ತೇಲುತ್ತಿರುತ್ತದೆ, ಹಳೆಯ ಪ್ರತಿ ಮಾತ್ರ ಆಗಲೇ ಅಳಿಸಿಹೋಗಿರುತ್ತದೆ. ಆಗ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ.

ಇಷ್ಟನ್ನು ತಡವರಿಸುತ್ತ ಹೇಳಿದೆ. “ಹಾಗೆ ಡಿಸ್ಕಿಗೆ ಇಳಿಸೋದಕ್ಕೆ ಇಂಗ್ಲಿಷಿನಲ್ಲಿ ಫ್ಲಷ್ ಅಂತಾರೆ,” ಅಂದೆ.

“ಫ್ಲಷ್ ಅಂದ್ರೆ ಕಕ್ಕಸಿನಲ್ಲಿ ನೀರು ಬುಡೋದಲ್ವೇನಮ್ಮ?” ಅಂದರು ಮಂಜಮ್ಮ. “ನಾನು ಬರ್ದಿದ್ದು ಅಲ್ಲಿಗೋಯ್ತಾ?”

ಸರ್ ನಕ್ಕರು, ನನಗೂ ನಗು ಬಂತು. ಮಂಜಮ್ಮ ಮಾತ್ರ ನಗಲಿಲ್ಲ.

“ನಮ್ಮತ್ತೆ ಕತೆ ಯೋಳೋರು,” ಅಂದರು. “ಕೇಳೋರು ಹೂಂ ಅಂತಿರಬೇಕು. ನಾನು ನಿದ್ದೆಗಣ್ಣಲ್ಲೇ ಹೂಂ ಹೂಂ ಅಂತಿದ್ದೆ. ಎಲ್ಲಿಗಂಟ ಬಂತು ಯೋಳೇ ಅಂತ ಬೆಳಿಗ್ಗೆ ಕೇಳಿದ್ರೆ ಏನೂ ಇಲ್ಲ. ನಿಮ್ಮ ಮಿಷನ್ನು ಅಂಗೇ ತಾನೆ?”

“ಹಂಗೇ,” ಅಂದೆ.

“ಲೋಹಿತಾ, ಊಹೆ ಮೇಲೆ ಮಾತಾಡಬೇಡ,” ಅಂದರು ಸರ್. “ಈ ಫೈಲುಗಳು ಇವತ್ತೇ ಪರೀಕ್ಷೆಯವರಿಗೆ ಹೋಗಬೇಕು. ನಮ್ಮ ಕೇಂದ್ರದ್ದೇ ದೋಷ ಅಂತ ಬರೆದರೆ ನಾಳೆ ಯಾರು ಸೇರ್ತಾರೆ ಇಲ್ಲಿ?”

“ತೋರಿಸ್ತೀನಿ ಸರ್.”

ಪರೀಕ್ಷೆ ಬರೆದವರ ಫೈಲುಗಳನ್ನೆಲ್ಲ ಮೊದಲು ಪೆನ್‌ಡ್ರೈವಿಗೆ ಹಾಕಿಟ್ಟೆ. ಆಮೇಲೆ ಸರ್ ಅವರನ್ನೇ ಮಂಜಮ್ಮನ ಪಕ್ಕದ ಪರದೆಯ ಮುಂದೆ ಕೂರಿಸಿದೆ. ಅವರು ತಮ್ಮ ಹೆಸರು, ಊರು ಟೈಪ್ ಮಾಡಿದರು. ಸೇವ್ ಒತ್ತಿದರು. ‘ಆಯ್ತು’ ಎಂದು ಬಂತು. ಬೀರುವಿನ ಹತ್ತಿರ ಹೋದೆ. ಸ್ವಿಚ್ಚಿನ ಮೇಲೆ ಬೆರಳಿಟ್ಟವಳಿಗೆ ದೊಡ್ಡ ಮಿಷನ್ನೇ ಸುಟ್ಟುಹೋದರೆ ಎಂಬ ಭಯ ಹತ್ತಿತು. ಹಾಗೇ ನಿಂತೆ. ಕೊನೆಗೆ ಕಣ್ಣು ಮುಚ್ಚಿ ಆಫ್ ಮಾಡಿದೆ.

ಮತ್ತೆ ಶುರುವಾದಾಗ ಫೈಲು ತೆರೆದರು. ಹೆಸರು, ಊರು, ಒಂದಕ್ಷರ ಬಿಡದೆ ಇತ್ತು.

“ನೋಡಮ್ಮ,” ಅಂದರು ಸರ್. ದನಿಯಲ್ಲಿ ಸಿಟ್ಟಿಗಿಂತ ಸಮಾಧಾನವೇ ಹೆಚ್ಚಿತ್ತು. “ಸಂಜೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದು ಸಂಜೆಗೇ ಸರಿ.”

ನನ್ನ ಮಾತು ನಂಬಿ ಮಂಜಮ್ಮ ಇನ್ನಷ್ಟು ಸಣ್ಣವರಾದರಲ್ಲ ಎನ್ನಿಸಿತು. ಅವರು ಚೀಲ ಎತ್ತಿಕೊಳ್ಳುತ್ತಾರೇನೋ ಎಂದು ನೋಡಿದೆ. ಅವರು ಎತ್ತಿಕೊಳ್ಳಲಿಲ್ಲ.

“ಆ ಸ್ವಿಚ್ಚಿನತ್ರ ಯಾಕಮ್ಮ ಅಷ್ಟೊತ್ತು ನಿಂತ್ಕಂಡೆ?” ಎಂದು ಕೇಳಿದರು. “ದೇವ್ರಿಗೆ ಕೈ ಮುಗೀತಿದ್ಯಾ?”

ಆಗ ಹೊಳೆಯಿತು. ದೊಡ್ಡ ಮಿಷನ್ ತನ್ನ ಪಾಡಿಗೆ ಆಗಾಗ ಮೆಮೊರಿಯಲ್ಲಿದ್ದುದನ್ನು ಡಿಸ್ಕಿಗೆ ಇಳಿಸುತ್ತಲೇ ಇರುತ್ತದೆ. ನಾನು ಹೆದರಿ ನಿಂತಷ್ಟು ಹೊತ್ತಿನಲ್ಲಿ ಇಳಿಸಿಬಿಟ್ಟಿತ್ತು. ಬೇಗ ಎದ್ದುಹೋದವರ ಫೈಲು ಉಳಿದದ್ದೂ ಹೀಗೆಯೇ.

“ಇನ್ನೊಂದು ಸಲ ಸರ್.”

“ಸಾಕು, ಬಾಗಿಲು ಹಾಕು.”

“ಇನ್ನೊಂದೇ ಸಲ.”

“ನಾನು ಸಾಕು ಅಂದೆ.”

“ಚಿಕ್ಕಪ್ಪ, ಇದು ಆಗದೆ ನಾನು ಬಾಗಿಲು ಹಾಕಲ್ಲ.”

ಕೇಂದ್ರದಲ್ಲಿ ಹಾಗೆ ಕರೆದದ್ದು ಅದೇ ಮೊದಲು. ಅವರು ನನ್ನನ್ನೇ ನೋಡಿದರು. ಕೆಲಸ ಹೋಯಿತೆಂದುಕೊಂಡೆ. ನಾನು ಬೀರುವಿನ ಪಕ್ಕ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತೆ. ಅವರು ತುಟಿ ಬಿಗಿದು ತಮ್ಮ ಹೆಸರಿನ ಕೆಳಗೆ ಒಂದು ಸಾಲು ಸೇರಿಸಿ ಸೇವ್ ಒತ್ತಿದರು.

“ಆಯ್ತು ಅಂತು,” ಅಂದರು ಮಂಜಮ್ಮ. ಆ ಮಾತು ಮುಗಿಯುವಷ್ಟರಲ್ಲಿ ಆಫ್ ಮಾಡಿದ್ದೆ.

ಮತ್ತೆ ಶುರುವಾದಾಗ ಸರ್ ಫೈಲು ತೆರೆದರು. ಸೇರಿಸಿದ ಸಾಲು ಇರಲಿಲ್ಲ. ಹೆಸರು, ಊರೂ ಇರಲಿಲ್ಲ. ಪರದೆ ಪೂರ್ತಿ ಬೆಳ್ಳಗಿತ್ತು.

“ನೀವೂ ಬರ್ದಿಲ್ಲ ಅಂತ ಬರ್ಕೊಳ್ಳಲಾ ಸರ್?” ಅಂದರು ಮಂಜಮ್ಮ.

ಸರ್ ಫೈಲು ಮುಚ್ಚಿ ಮತ್ತೆ ತೆರೆದು ನೋಡಿದರು. ಕೊನೆಗೆ, “ಇನ್ನೊಂದು ಸಲ ಪರೀಕ್ಷೆ ಬರೀರಿ. ಕೇಳಿಕೊಳ್ತೀನಿ ಪರೀಕ್ಷೆಯವರನ್ನ,” ಅಂದರು.

“ಫೇಲಾದೋರಿಗೆ ಇನ್ನೊಂದು ಸಲ. ನಾನು ಫೇಲಾಗಿಲ್ಲ. ನಿಮ್ಮ ಮಿಷನ್ನು ಕಳೀತು ಅಂತ ಅವ್ರಿಗೆ ಯೋಳಿ. ಆಮ್ಯಾಕೆ ಬರೀತೀನಿ.”

“ಹೇಳದಿದ್ರೆ?”

“ಇಲ್ಲೇ ಕೂತಿರ್ತೀನಿ. ಇವಳೂ ಬಾಗ್ಲು ಹಾಕಲ್ವಂತಲ್ಲ.”

ಸರ್ ಫೋನ್ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದರು. ಬಸ್ಸುಗಳ ಹಾರನ್ನಿನ ನಡುವೆ “ಇಲ್ಲ ಸಾರ್, ಅಭ್ಯರ್ಥಿಯದಲ್ಲ, ನಮ್ಮದೇ ದೋಷ” ಎಂದದ್ದು ಇಬ್ಬರಿಗೂ ಕೇಳಿಸಿತು. ವಾಪಸ್ ಬಂದವರು, “ಈಗಲೇ ಬರೆದು ಕಳಿಸಿ ಅಂದ್ರು,” ಎಂದರು. ಆಮೇಲೆ ನನ್ನತ್ತ ತಿರುಗಿ, “ಆ ಸೆಟ್ಟಿಂಗ್ ಹಾಕು,” ಅಂದರು.

ಹಾಕಿದೆ. ಮಂಜಮ್ಮ ಗ್ರಂಥಾಲಯಕ್ಕೆ ಎರಡು ಬೆಂಚು ಕೋರುವ ಅದೇ ಅರ್ಜಿಯನ್ನು ಮತ್ತೆ ಟೈಪ್ ಮಾಡಿದರು. ಸೇವ್ ಒತ್ತಿದರು. ಪರದೆಯ ಚಕ್ರ ನಿಧಾನವಾಗಿ ತಿರುಗಿತು, ಆಮೇಲೆ ‘ಆಯ್ತು’ ಎಂದಿತು. ನಾನು ನಂಬಿದೆ. ಅವರು ಎದ್ದು ಬಿರಬಿರನೆ ಬೀರುವಿನ ಹತ್ತಿರ ಹೋದರು, ನನ್ನನ್ನು ಕೇಳದೆ ಸ್ವಿಚ್ ಆಫ್ ಮಾಡಿದರು.

ಮತ್ತೆ ಶುರು ಮಾಡಿದೆ. ಫೈಲು ತೆರೆಯಿತು. ಅರ್ಜಿ ಇತ್ತು, ಕೊನೆಯಲ್ಲಿ ಅವರ ಹೆಸರೂ ಇತ್ತು.

“ಸರಿ, ಕಳಿಸ್ತೀನಿ,” ಎಂದು ಸರ್ ಮುಂದೆ ಬಂದರು.

“ತಡೀರಿ.” ಮಂಜಮ್ಮ ಪರದೆಗೆ ಮುಖ ಹತ್ತಿರ ತಂದರು. “ಇಲ್ಲೊಂದು ಒತ್ತು ಬುಟ್ಟೋಗೈತೆ.”

ಕುರ್ಚಿ ಎಳೆದುಕೊಂಡು ಕೂತು ತಿದ್ದತೊಡಗಿದರು.