ದೊಡ್ಡಿ ಕಾದ ಕೊನೆಯ ಪಿಂಡರ್

ಖಾಲಿ ದಾರಿಯಲ್ಲಿ ನಡೆಯುವಾಗಲೂ ವಿಲ್ಫ್ರೆಡ್ ಪಿಂಡರ್ ಎರಡೂ ಕೈಗಳನ್ನು ಮೈಯಿಂದ ತುಸು ದೂರ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತ, ಕಣ್ಣಿಗೆ ಕಾಣದ ಮಂದೆಯೊಂದನ್ನು ಅಟ್ಟಿಕೊಂಡು ಹೋಗುವವನಂತೆ ಕಾಣುತ್ತಿದ್ದ. ಮೊಣಕಾಲು ಮುಚ್ಚುವ ಕಂದು ಕೋಟು, ಅದರ ಮೇಲೆ ಸೊಂಟಕ್ಕೆ ಹುಲ್ಲುಹೊರೆಯ ದಾರ. ಗುಂಡಿಗಳು ಯಾವ ಕಾಲದಲ್ಲೋ ಉದುರಿದ್ದವು. ಹೊಲಿದುಕೊಡುವವರು ಮನೆಯಲ್ಲಿ ಇರಲಿಲ್ಲ.

ಯಾರ್ಕ್‌ಷೈರಿನ ನಮ್ಮ ಕಣಿವೆಯಲ್ಲಿ ಬೀಡಾಡಿ ಕುರಿ-ದನಗಳನ್ನು ಹಿಡಿದು ಕಲ್ಲಿನ ದೊಡ್ಡಿಯಲ್ಲಿ ಕೂಡಿಹಾಕುವವನಿಗೆ ಹಿಂದೆ ಪಿಂಡರ್ ಎನ್ನುತ್ತಿದ್ದರು. ಕಸುಬೇ ಮನೆತನದ ಹೆಸರಾಗಿ ನಿಂತಿತು; ಆಮೇಲೆ ಕಸುಬು ಅಳಿಯಿತು, ಹೆಸರು ಉಳಿಯಿತು. ಊರಿನಲ್ಲಿ ಆ ಹೆಸರಿನ ಕೊನೆಯವನು ಇವನೇ. ಮದುವೆಯಿಲ್ಲ, ಮಕ್ಕಳಿಲ್ಲ. ಆದರೂ ಯಾರೂ ಹೇಳದೆ ಕೇಳದೆ, ಮನೆಯ ಪಕ್ಕದ ದೊಡ್ಡಿಯನ್ನು ಅವನು ಕಾಯುತ್ತಿದ್ದ. ತಪ್ಪಿಸಿಕೊಂಡ ಕುರಿಯನ್ನು ಬಿಡಿಸಿಕೊಳ್ಳಲು ಒಡೆಯನೇ ಬರಬೇಕು. ದಂಡವೆಂದರೆ ಪಿಂಡರನ ಒಲೆಯ ಮುಂದೆ ಕೂತು ಒಂದು ಲೋಟ ಚಹಾ ಕುಡಿಯುವುದು.

ಹೆಂಡದಂಗಡಿಯ ಹೆಸ್ಟರ್ ಅವನನ್ನು ಕೆಣಕದೆ ಬಿಡುತ್ತಿರಲಿಲ್ಲ. "ಏನಯ್ಯಾ ವಿಲ್ಫ್, ನಿಮ್ಮ ಹೆಸರಿನವರು ಸರ್ಕಸ್ಸು ಕಟ್ಟಿ ಊರೂರು ಮೆರೆದ್ರಂತೆ. ನೀನು ನೋಡಿದ್ರೆ ಕುರಿ ಬಾಲ ಹಿಡ್ಕೊಂಡು ಓಡ್ತೀಯ!"

"ಅವರ ಸಿಂಹ ತಪ್ಪಿಸ್ಕೊಂಡ್ರೆ ನನ್ನನ್ನೇ ಕರೀಬೇಕು ಕಣೇ. ಯಾರ್ಕ್‌ಷೈರ್ ಕ್ರಿಕೆಟ್ ತಂಡದಲ್ಲಿ ವಿಕೆಟ್ ಹಿಂದೆ ನಿಂತ ಇನ್ನೊಬ್ಬ ಪಿಂಡರ್ ಚೆಂಡು ಹಿಡಿದ, ನಾನು ಕುರಿ ಹಿಡೀತೀನಿ. ಎಲ್ಲ ಒಂದೇ ಬಳ್ಳಿ."

ಅಂಗಡಿಯೆಲ್ಲ ನಗುತ್ತಿತ್ತು. ಆಮೇಲೆ ಇಬ್ಬರಿಬ್ಬರಾಗಿ ಜನ ಮನೆಗೆ ಹೊರಡುವರು. ಅವನೊಬ್ಬನೇ ಕೈ ಅಗಲಿಸಿಕೊಂಡು ಗುಡ್ಡದ ಕಡೆಗೆ.

ಕಾಲ ಕಳೆದಂತೆ ರೈತರು ತಂತಿ ಎಳೆದರು, ಗೇಟು ಬಿಗಿದರು. ದೊಡ್ಡಿಗೆ ಬರುವ ಕುರಿಗಳು ನಿಂತೇಹೋದವು, ನೆರೆಯ ರೈತ ಆಲ್ಡರ್ಸನ್‌ನ ಮುದಿ ಕುರಿಯೊಂದನ್ನು ಬಿಟ್ಟು. ಅವನ ಹೊಲದ ಕಲ್ಲುಗೋಡೆ ಒಂದು ಕಡೆ ಕುಸಿದಿತ್ತು. ಆ ಸಂದಿಯಿಂದ ಅದು ವಾರವಾರವೂ ಹೊರಬೀಳುತ್ತಿತ್ತು.

"ಗೋಡೆ ಕಟ್ಟೋಕೆ ನಿನಗೇನಪ್ಪಾ ರೋಗ?" ಎಂದು ಪಿಂಡರ್ ಗದರುವನು.

"ಕಟ್ಟೋಣ ಬಿಡು ಮಾರಾಯ, ಕಲ್ಲೇನು ಓಡಿಹೋಗುತ್ತಾ? ನೀರು ಕಾದಿದೆಯಾ?" ಎನ್ನುತ್ತ ಆಲ್ಡರ್ಸನ್ ಟೋಪಿ ತೆಗೆದು ಕೂರುವನು.

ಆಲ್ಡರ್ಸನ್ ಕಣಿವೆಯಲ್ಲೇ ಹೆಸರಾಂತ ಗೋಡೆ ಕಟ್ಟುವವನ ಮಗ. ಇಂಥ ಸೋಮಾರಿಯಾದನಲ್ಲ ಎಂದು ಊರು ಆಡಿಕೊಂಡಿತು. ಆದರೆ ಕುರಿ ಇನ್ನೂ ಸಂದಿ ದಾಟುವ ಮೊದಲೇ ಪಿಂಡರ್ ಎರಡು ಲೋಟ ತೊಳೆದಿಡುವುದನ್ನು ಹೆಸ್ಟರ್ ಅವನ ಮನೆಯ ಕಿಟಕಿಯಿಂದ ಕಂಡಿದ್ದಳು.

ಕುರಿಗಳು ಮರಿ ಹಾಕುವ ಕಾಲದ ಚಳಿಯಲ್ಲಿ ಪಿಂಡರ್ ತೀರಿಕೊಂಡ. ಮಣ್ಣು ಮಾಡಿದ ಮರುದಿನ ಬೆಳಗ್ಗೆಯೇ ಆಲ್ಡರ್ಸನ್ ಕಲ್ಲು ಹೊರತೊಡಗಿದ. ಹೊತ್ತು ಇಳಿಯುವುದರೊಳಗೆ ಸಂದಿ ಮುಚ್ಚಿತ್ತು, ಬೆರಳು ತೂರದಷ್ಟು ಬಿಗಿಯಾಗಿ.

"ಈಗ ಬುದ್ಧಿ ಬಂತೇನೋ?" ಎಂದಳು, ದಾರಿಯಲ್ಲಿ ಹೋಗುತ್ತಿದ್ದ ಹೆಸ್ಟರ್.

ಅವನು ತಿರುಗಿ ನೋಡಲಿಲ್ಲ. "ಇನ್ನು ಕುರಿ ಹೊರಗೆ ಹೋದ್ರೆ ಹಿಡಿಯೋರು ಯಾರಿದಾರೆ, ಹೇಳು?"

ಪರರ ಕಳೆದ ಸೊತ್ತನ್ನು ಜೋಪಾನ ಮಾಡಿ ಒಡೆಯನ ದಾರಿ ಕಾಯುವ ಜನ, ತಮಗೂ ಒಬ್ಬರು ಬೇಕೆಂದು ಬಾಯಿಬಿಟ್ಟು ಕೇಳುವುದಿಲ್ಲ. ಅದಕ್ಕೊಂದು ಕುರಿಯ ನೆಪ ಬೇಕು. ಆ ನೆಪವನ್ನು ಕಾಪಾಡಲು ತನ್ನ ಗೋಡೆಯನ್ನು ಮುರುಕಲಾಗಿಯೇ ಬಿಟ್ಟು, ಸೋಮಾರಿಯೆನಿಸಿಕೊಳ್ಳುವ ನೆರೆಯವನು ಎಲ್ಲರಿಗೂ ಸಿಗುವುದಿಲ್ಲ.